ಮಾಲ್ಟಾದಿಂದ ಟ್ರಿಪೋಲಿಗೆ ಎಷ್ಟು ದೂರ

೧೯೯೫ರಲ್ಲಿ ನಾನು ಶಿಕಾರಿಪುರದ ಬಸ್ ನಿಲ್ದಾಣದ ಎದುರು ವಿಮಾನದ ಟಿಕೆಟ್ ಮಾಡಿಸಿಕೊಡುವ ಸಣ್ಣ ಆಫೀಸು ಇಟ್ಟುಕೊಂಡಿದ್ದೆ. ನನ್ನ ಊರು ಶಿರಾಳಕೊಪ್ಪ. ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂರಲು ಮನಸ್ಸಿಲ್ಲದೆ ಮುಂಬಯಿಗೆ ಹೋಗಿ, ಅಲ್ಲಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಕೆಲಸ ಕಲಿತು ವಾಪಸು ಬಂದವನು. ವಿಮಾನವೇ ಇಳಿಯದ ತಾಲೂಕಿನಲ್ಲಿ ಈ ಸಾಬ ವಿಮಾನದ ಟಿಕೆಟ್ ಮಾರುತ್ತಾನಂತೆ ಎಂದು ಜನ ನಕ್ಕರು. ನಕ್ಕವರ ಮಕ್ಕಳೇ ಆಮೇಲೆ ಸೌದಿ, ದುಬೈ ಎಂದುಕೊಂಡು ನನ್ನ ಬೆಂಚಿನ ಮೇಲೆ ಬಂದು ಕೂತರು.

ಆಗ ಕಂಪ್ಯೂಟರ್ ಇರಲಿಲ್ಲ. ಮುಂಬಯಿಯ ದೊಡ್ಡ ಏಜೆಂಟರಿಗೆ ಫೋನು ಮಾಡಿ ಸೀಟು ಹಿಡಿಯಬೇಕು, ಕಾರ್ಬನ್ ಇಟ್ಟು ಕೈಯಲ್ಲಿ ಟಿಕೆಟ್ ಬರೆಯಬೇಕು. ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕವಿತ್ತು. ಯಾವ ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತಿನ ಹಾರಾಟ ಎಂಬುದೆಲ್ಲ ಅದರಲ್ಲಿ ಸಿಗುತ್ತಿತ್ತು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹಾರುವ ಒಂದೊಂದು ತುಂಡಿಗೆ ನಮ್ಮ ಕಸುಬಿನಲ್ಲಿ ಸೆಕ್ಟರ್ ಎಂದು ಹೆಸರು. ಬಂದವರು ಮೊದಲು ದರ ಕೇಳುತ್ತಿದ್ದರು, ಆಮೇಲೆ ದೂರ. ದರ ಕೇಳಿದರೆ ಹೇಳುತ್ತಿದ್ದೆ. ದೂರ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಏನು, ನಡೆದುಕೊಂಡು ಹೋಗುತ್ತೀರಾ ಎಂದು ಕೇಳಿಬಿಡುತ್ತಿದ್ದೆ.

ಆ ವರ್ಷ ಸೊರಬ ತಾಲೂಕಿನ ಕುಪ್ಪಗಡ್ಡೆಯಿಂದ ಮಲ್ಲೇಶಪ್ಪ ಎಂಬವರು ಬಂದರು. ಬೋರ್‌ವೆಲ್ ಲಾರಿಯ ಮೇಲೆ ಕೊರೆಯುವ ಯಂತ್ರ ನಡೆಸುವವರು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಲಿಬಿಯಾದ ಮರಳುಗಾಡಿನಲ್ಲಿ ನೀರಿಗೆ ಬಾವಿ ಕೊರೆಯುವ ಕಂಪನಿಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು. ಜೊತೆಯಲ್ಲಿ ಹೆಂಡತಿ ಗಿರಿಜಮ್ಮ ಮತ್ತು ಅಣ್ಣ ಶೇಖರಪ್ಪ. ಶೇಖರಪ್ಪನವರದು ಶಿಕಾರಿಪುರದ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ವ್ಯಾಪಾರ. ಮನೆಯ ಪರವಾಗಿ ಮಾತಾಡುವವರು ಅವರೇ.

ಲಿಬಿಯಾಕ್ಕೆ ಹೋಗುವ ದಾರಿ ಆಗ ಸರಳವಾಗಿರಲಿಲ್ಲ. ೧೯೯೨ರಿಂದ ಆ ದೇಶಕ್ಕೆ ವಿಮಾನ ಹಾರಬಾರದೆಂದು ವಿಶ್ವಸಂಸ್ಥೆ ನಿರ್ಬಂಧ ಹಾಕಿತ್ತು. ಮುಂಬಯಿಯಿಂದ ಹೊರಟು, ನಡುವೆ ಒಂದು ಕಡೆ ವಿಮಾನ ಬದಲಿಸಿ, ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ ದ್ವೀಪದಲ್ಲಿ ಇಳಿಯಬೇಕು. ಅಲ್ಲಿಂದ ಟ್ರಿಪೋಲಿಗೆ ಹಡಗು. ನನ್ನ ಪುಸ್ತಕದಲ್ಲಿ ಮಾತ್ರ ಮಾಲ್ಟಾ–ಟ್ರಿಪೋಲಿ ಸೆಕ್ಟರಿನ ಹಳೆಯ ದೂರ ಇನ್ನೂ ಇತ್ತು: ಮುನ್ನೂರ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ, ಗಂಟೆಯೊಳಗಿನ ಹಾರಾಟ. ಹಾರುವ ವಿಮಾನ ಒಂದೂ ಇರಲಿಲ್ಲ.

"ದೂರ ಎಷ್ಟಾಗ್ತೈತ್ರೀ ಸಾಹೇಬ್ರೇ?" ಎಂದು ಶೇಖರಪ್ಪ ಕೇಳಿಯೇ ಕೇಳಿದರು.

"ಇಲ್ಲಿಂದ ಬೆಂಗಳೂರಿಗೆ ಹೋದಂಗೆ ಅಂದ್ಕೊಳ್ರಿ. ಸ್ವಲ್ಪ ಹೆಚ್ಚು. ಹಡಗು ಸಂಜೆ ಬಿಟ್ರೆ ಬೆಳಿಗ್ಗೆ ಮುಟ್ಟುತ್ತೆ."

"ಹಂಗಾದ್ರೆ ರಾತ್ರಿ ಬಸ್ಸಿನ ದಾರಿ ಬಿಡ್ರಿ" ಎಂದು ಅವರು ಸಮಾಧಾನವಾದರು. ಗಿರಿಜಮ್ಮ ಒಂದೇ ಒಂದು ಮಾತು ಕೇಳಿದರು, ದಾರಿಯಲ್ಲಿ ಸ್ನಾನಕ್ಕೆ ನೀರು ಸಿಗುತ್ತದೆಯೇ ಎಂದು. ಮಾಲ್ಟಾದ ಬಂದರಿನಲ್ಲಿ ಪ್ರಯಾಣಿಕರ ಕೋಣೆ ಇದೆ, ಹಡಗು ಹತ್ತುವ ಮೊದಲು ಅಲ್ಲಿ ಆಗುತ್ತದೆ ಎಂದೆ. ಮಲ್ಲೇಶಪ್ಪ ತಲೆಯಾಡಿಸಿದರು. ಆ ಪ್ರಶ್ನೆ ಅವರ ಪಾಲಿಗೆ ದರಕ್ಕಿಂತ, ದೂರಕ್ಕಿಂತ ದೊಡ್ಡದೆಂದು ನನಗೆ ಆಗ ಹೊಳೆಯಲಿಲ್ಲ.

ಹೊರಟ ದಿನ ಅವರ ಜೇಬಿಗೆ ನನ್ನ ಆಫೀಸಿನ ಕಾರ್ಡು ಹಾಕಿ ಕಳಿಸಿದೆ. ಮುಟ್ಟಿದ ದಿನ ಕಂಪನಿಯ ಕ್ಯಾಂಪಿನಿಂದ ನನ್ನ ಆಫೀಸಿಗೆ ಫೋನು ಬರಬೇಕೆಂದು ಮಾತಾಗಿತ್ತು. ಆ ದಿನ ಬೆಳಿಗ್ಗೆ ಗಿರಿಜಮ್ಮ ಕುಪ್ಪಗಡ್ಡೆಯಿಂದ ಬಸ್ಸು ಹಿಡಿದು ಬಂದು ಬೆಂಚಿನ ಮೇಲೆ ಕೂತರು. ಫೋನು ಹೊಡೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಒಂದು ಶಿವಮೊಗ್ಗದ್ದು, ಇನ್ನೊಂದು ರಾಂಗ್ ನಂಬರ್. ಹಡಗು ತಡವಾಗಿರಬಹುದು, ಸಮುದ್ರ ಅಂದ ಮೇಲೆ ಗಾಳಿ ಮಳೆ ಇರುತ್ತೆ ಎಂದು ನಾನು ಹೇಳುತ್ತಾ ಹೋದೆ. ಸಂಜೆ ಅವರು ಊರಿಗೆ ಹೋಗದೆ ಶೇಖರಪ್ಪನವರ ಮನೆಯಲ್ಲಿ ಉಳಿದರು.

ಮರುದಿನ ನಾನು ಬರುವ ಮೊದಲೇ ಗಿರಿಜಮ್ಮ ಆಫೀಸಿನ ಮುಂದೆ ನಿಂತಿದ್ದರು. ಬಾಗಿಲು ತೆಗೆದವನೇ ಮುಂಬಯಿಗೆ ಫೋನು ಹಚ್ಚಿದೆ. ಅಲ್ಲಿನ ಏಜೆಂಟರು ವಿಮಾನ ಕಂಪನಿಯನ್ನು ವಿಚಾರಿಸಿದರು, ಹಡಗಿನವರನ್ನೂ ವಿಚಾರಿಸಿದರು. ಕೊನೆಗೆ ಉತ್ತರ ಬಂತು. ಮಲ್ಲೇಶಪ್ಪ ಮಾಲ್ಟಾದಲ್ಲಿ ಇಳಿದದ್ದು ಖಾತ್ರಿ. ಹಡಗು ಹತ್ತಿಲ್ಲ. ಹಡಗು ಸರಿಯಾದ ಹೊತ್ತಿಗೇ ಹೋಗಿ ಟ್ರಿಪೋಲಿ ಮುಟ್ಟಿದೆ.

ಹದಿನೈದು ವರ್ಷದ ಕಸುಬಿನಲ್ಲಿ ಜನರ ಪೆಟ್ಟಿಗೆ ಕಳೆದಿದ್ದವು, ಪಾಸ್‌ಪೋರ್ಟ್ ಕಳೆದಿದ್ದವು. ಮನುಷ್ಯನೇ ಕಳೆದುಹೋದದ್ದು ಅದೇ ಮೊದಲು. ಇಂಗ್ಲಿಷ್ ಬಾರದ, ಹಿಂದಿಯೂ ಅಷ್ಟಕ್ಕಷ್ಟೇ ಬರುವ ಮನುಷ್ಯ ಎಲ್ಲಿಗೆ ಹೋಗಿರಬಹುದು? ಯಾರಾದರೂ ದುಡ್ಡಿಗೆ ಹೊಡೆದು ಸಮುದ್ರಕ್ಕೆ ಹಾಕಿದರೇ? ತಪ್ಪು ದಾರಿ ಹಿಡಿದು ಎಲ್ಲೋ ಬಿದ್ದಿದ್ದಾರೆಯೇ? ಗಿರಿಜಮ್ಮನ ಕಡೆ ನೋಡುವ ಧೈರ್ಯವಾಗದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

ಆದರೆ ಹೇಳದೆ ಎಷ್ಟು ಹೊತ್ತು ಇರಲಿ? ಹೇಳಿದೆ. ಅವರು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, "ಹತ್ತಿಲ್ಲ ಅಂದ್ರೆ ಎಲ್ಲಿ ಅದಾರೆ?" ಎಂದರು. ನಾನು ಮತ್ತೆ ಮುಂಬಯಿಗೆ ಫೋನು ಹಚ್ಚಿದೆ.

ಸುದ್ದಿ ತಿಳಿದು ಶೇಖರಪ್ಪ ಯಾರ್ಡಿನಿಂದ ನಾಲ್ಕು ಜನರನ್ನು ಕಟ್ಟಿಕೊಂಡೇ ಬಂದರು. ಮೆಟ್ಟಿಲ ಮೇಲೆ ನಿಂತೇ ಕೇಳಿದರು: "ಖರೇ ಹೇಳ್ರಿ. ನಮ್ಮ ಮಲ್ಲೇಶೀನ ಎಲ್ಲಿಗೆ ಕಳ್ಸೀರಿ?"

"ಟ್ರಿಪೋಲಿಗೇ ಕಳಿಸಿದ್ದು ಶೇಖರಪ್ನೋರೇ. ನೀವೇ ಟಿಕೆಟ್ ನೋಡಿದ್ರಲ್ಲ."

"ಬೆಂಗಳೂರಿನಷ್ಟು ದೂರ ಅಂದ್ರಿ. ಒಂದು ರಾತ್ರಿ ದಾರಿ ಅಂದ್ರಿ. ಒಂದು ರಾತ್ರಿ ದಾರ್ಯಾಗೆ ಮನುಷ್ಯ ಹೆಂಗೆ ಕಳೀತಾನ್ರಿ?"

ಅವರ ಹಿಂದೆ ನಿಂತವರಲ್ಲಿ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಹೇಳಿದ. ನನಗೆ ಕೇಳಿಸಲಿಲ್ಲ, ಕೇಳಿಸುವ ಅಗತ್ಯವೂ ಇರಲಿಲ್ಲ. ನನ್ನ ಹೆಸರು, ಲಿಬಿಯಾ ದೇಶ, ಕಾಣೆಯಾದ ಕುಪ್ಪಗಡ್ಡೆಯ ಮನುಷ್ಯ. ಆ ವರ್ಷಗಳಲ್ಲಿ ಒಬ್ಬ ಸಾಬನ ಮೇಲೆ ಊರು ಅನುಮಾನಪಡಲು ಇಷ್ಟು ಸಾಕಿತ್ತು. ಸಂಜೆಯೊಳಗೆ ಕಥೆ ಬಸ್ಸು ಹತ್ತಿ ಶಿರಾಳಕೊಪ್ಪ ಮುಟ್ಟುತ್ತದೆ, ನನ್ನ ಅಪ್ಪನ ಅಂಗಡಿಯ ಮುಂದೆಯೂ ಜನ ನಿಲ್ಲುತ್ತಾರೆ ಎಂದು ಕಣ್ಣಿಗೆ ಕಟ್ಟಿತು. ನಾನು ಹೆದರಿದೆ. ಮಲ್ಲೇಶಪ್ಪನಿಗಾಗಿ ಒಂದು ಹೆದರಿಕೆ, ನನಗಾಗಿ ಇನ್ನೊಂದು. ಎರಡನೆಯದು ಮೊದಲನೆಯದನ್ನು ಮುಚ್ಚಿಹಾಕುತ್ತಿದೆ ಎನಿಸಿ ನನ್ನ ಮೇಲೇ ಸಿಟ್ಟು ಬಂತು.

ಫೋನು ಹೊಡೆದದ್ದು ಮಧ್ಯಾಹ್ನ. ಹೊರದೇಶದ ಕರೆ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಮಾತಿಗೂ ಮಾತಿಗೂ ನಡುವೆ ಒಂದು ಖಾಲಿ ಬೀಳುತ್ತಿತ್ತು. ಗಂಡಸಿನ ದನಿ, ಇಂಗ್ಲಿಷು. ಮಾಲ್ಟಾದಲ್ಲಿ ಪ್ರಯಾಣಿಕರ ತಪಾಸಣೆ ಮಾಡುವ ಅಧಿಕಾರಿ. ನಿಮ್ಮ ಕಾರ್ಡು ಒಬ್ಬನ ಜೇಬಿನಲ್ಲಿ ಸಿಕ್ಕಿದೆ, ಆತ ಯಾರು ಎಂದು ಕೇಳಿದ.

ಜೀವಂತ ಇದ್ದಾರಾ ಎಂದೆ. ಇದ್ದಾನೆ, ಆದರೆ ನಮ್ಮ ಡಾಕ್ಟರಿಗೆ ಭರವಸೆ ಇಲ್ಲ ಎಂದ. ಆಮೇಲೆ ಒಂದೊಂದಾಗಿ ಹೇಳಿದ. ಈತನ ಎದೆಯ ಮೇಲೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಗಂಟೊಂದು ಸಿಕ್ಕಿದೆ. ಒಳಗೆ ಮೊಟ್ಟೆಯಾಕಾರದ ಕಪ್ಪು ಮುದ್ದೆ. ಅಂಟಿನಂಥ ಲೇಪ. ನೋಡಿದರೆ ಚರಸ್ಸಿನಂತಿದೆ. ಕಿತ್ತುಕೊಂಡಾಗ ಈತ ಮಗುವಿನಂತೆ ಅತ್ತ. ಅಂದಿನಿಂದ ಒಂದು ಹನಿ ನೀರು ಕುಡಿದಿಲ್ಲ, ಒಂದು ತುತ್ತು ತಿಂದಿಲ್ಲ.

ಇಲ್ಲಿ ಒಂದು ಮಾತು ವಿವರಿಸಬೇಕು. ಮಾದಕ ವಸ್ತು ಸಾಗಿಸುವ ಕೆಲವರು ಅದನ್ನು ಪೊಟ್ಟಣ ಕಟ್ಟಿ ನುಂಗಿಬಿಡುತ್ತಾರೆ. ಅಂಥವರು ಮುಟ್ಟುವ ಊರು ಮುಟ್ಟುವ ತನಕ ಏನನ್ನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ತಪಾಸಣೆಯವರಿಗೆ ಇದು ಚೆನ್ನಾಗಿ ಗೊತ್ತು. ಮಲ್ಲೇಶಪ್ಪ ಉಪವಾಸ ಕೂತಷ್ಟೂ ಅವರ ಅನುಮಾನ ಗಟ್ಟಿಯಾಗುತ್ತಿತ್ತು. ಹೊಟ್ಟೆಯೊಳಗೆ ಪೊಟ್ಟಣ ಒಡೆದರೆ ಸಾಯುತ್ತಾನೆ, ಆಸ್ಪತ್ರೆಗೆ ಹಾಕುತ್ತೇವೆ, ಆ ಕಪ್ಪು ಮುದ್ದೆಯನ್ನು ಇವತ್ತು ಕೊಯ್ದು ಪರೀಕ್ಷೆ ಮಾಡುತ್ತೇವೆ ಎಂದ ಅಧಿಕಾರಿ.

ಕೊಯ್ಯಬೇಡಿ, ಕೈಮುಗಿಯುತ್ತೇನೆ, ಎರಡು ನಿಮಿಷ ಲೈನಿನಲ್ಲಿರಿ ಎಂದು ರಿಸೀವರ್ ಮೇಲೆ ಅಂಗೈ ಇಟ್ಟು ಕೇಳಿದ್ದನ್ನು ಹೇಳಿದೆ. ಗಿರಿಜಮ್ಮ ಎದ್ದು ನಿಂತರು. "ಲಿಂಗ ಕಿತ್ಕಂಡಾರಾ?" ಎಂದರು.

ಲಿಂಗಾಯತರ ನಡುವೆಯೇ ಬೆಳೆದವನು ನಾನು. ಅವರು ಕೊರಳಲ್ಲಿ ಇಷ್ಟಲಿಂಗ ಧರಿಸುತ್ತಾರೆ, ಸಾಯುವ ತನಕ ಮೈಯಿಂದ ದೂರ ಮಾಡುವುದಿಲ್ಲ ಎಂದು ಗೊತ್ತಿತ್ತು. ಆದರೆ ನಾನು ನೋಡಿದ್ದೆಲ್ಲ ಬೆಳ್ಳಿಯ ಕರಡಿಗೆಯೊಳಗೆ ಇದ್ದದ್ದು. "ಕರಡಿಗೆ ಎಲ್ಲಿ ಹೋಯ್ತು?" ಎಂದೆ.

ಶೇಖರಪ್ಪ ಮೆಟ್ಟಿಲಿಳಿದು ಹೋಗುವವರಂತೆ ಒಂದು ಹೆಜ್ಜೆ ಹಿಂದೆ ಸರಿದರು. "ನಾನೇ ಬಿಚ್ಚಿಸಿ ಮನ್ಯಾಗೆ ಇಡಿಸ್ದೆ. ಬೆಳ್ಳಿ ಅಲ್ಲೇನ್ರೀ. ಕಸ್ಟಮ್ಸಿನೋರು ಹಿಡೀತಾರೆ ಅಂತ ಯಾರ್ಡಿನಾಗೆ ಎಲ್ಲಾರೂ ಅಂದ್ರು. ಬಟ್ಟ್ಯಾಗೆ ಕಟ್ಕೊಂಡು ಹೋಗು ಅಂದೆ."

ಬೆಳ್ಳಿಯ ಕರಡಿಗೆಯಲ್ಲಿದ್ದಿದ್ದರೆ ಇದೇನೋ ದೇವರ ವಸ್ತು ಎಂದು ಯಾವ ದೇಶದವನಿಗೂ ಅನಿಸುತ್ತಿತ್ತು. ಸಣ್ಣ ಕಲ್ಲಿನ ಮೇಲೆ ಕಪ್ಪು ಲೇಪ ಮೆತ್ತಿ ಮಾಡಿದ ಲಿಂಗ, ಬಟ್ಟೆಯಲ್ಲಿ ಗಂಟು ಬಿಗಿದದ್ದರಿಂದ ಬಚ್ಚಿಟ್ಟ ಮಾಲಿನಂತೆ ಕಂಡಿತು. ಮುಂಬಯಿಯ ತಪಾಸಣೆಯವರಿಗೆ ಅದೇನೆಂದು ಗೊತ್ತಿದ್ದರಿಂದ ಅಲ್ಲಿ ಯಾರೂ ತಡೆದಿರಲಿಲ್ಲ.

ನಾನು ಅಧಿಕಾರಿಗೆ ಹೇಳಿದೆ. ನನ್ನ ಇಂಗ್ಲಿಷು ಟಿಕೆಟ್ಟಿನ ಇಂಗ್ಲಿಷು, ಹೊರಡುವುದು, ಮುಟ್ಟುವುದು, ರದ್ದಾಗುವುದು, ಇಷ್ಟಕ್ಕೆ ಸಾಕಾಗುವಂಥದ್ದು. ದೇವರನ್ನು ಅದರಲ್ಲಿ ಹೇಗೆ ಹೇಳಲಿ? ನಿಮ್ಮ ಕೊರಳಲ್ಲಿ ಏನಿದೆ ಸ್ವಾಮಿ ಎಂದು ಕೇಳಿದೆ. ಶಿಲುಬೆ ಎಂದ. ಅದನ್ನು ಕೊಯ್ದು ನೋಡುತ್ತೇನೆಂದರೆ ಬಿಡುತ್ತೀರಾ ಎಂದೆ. ಅವನು, ನನ್ನ ಶಿಲುಬೆ ಕಪ್ಪು ಅಂಟಿನಿಂದ ಮಾಡಿದ್ದಲ್ಲ ಎಂದ. ನ್ಯಾಯವಾದ ಮಾತೇ.

ಹಾಗಿದ್ದರೆ ಆತನ ಜೊತೆ ಒಮ್ಮೆ ಮಾತಾಡಿಸಿ ಎಂದು ಬೇಡಿದೆ. ಕೊಟ್ಟರು. ಮಲ್ಲೇಶಪ್ಪನ ದನಿ ಬಾವಿಯ ತಳದಿಂದ ಬಂದಂತೆ ಇತ್ತು.

"ಸಾಹೇಬ್ರೇ, ಲಿಂಗ ಮೈಮ್ಯಾಲೆ ಇಲ್ಲ. ಪೂಜೆ ಇಲ್ದೆ ನೀರು ಹೆಂಗೆ ಮುಟ್ಲಿ?"

"ಪ್ರಾಣ ಹೋಗ್ತದೆ ಮಲ್ಲೇಶಪ್ಪ. ಒಂದು ಗುಟುಕು ಕುಡಿ."

"ಹೋದ್ರೆ ಹೋಗ್ಲಿ ಬಿಡ್ರಿ."

ಗಿರಿಜಮ್ಮ ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡರು. ಅವರು ದನಿ ಏರಿಸಲಿಲ್ಲ. "ನಾನು ಮಾತಾಡೋದು. ನಿನ್ನೆ ಸಂಜೆಯಿಂದ ನಾನೂ ನೀರು ಮುಟ್ಟಿಲ್ಲ. ನೀವು ಬಾಯಿಗೆ ಹಾಕೋ ತನಕ ನಾನೂ ಹಾಕಾದಿಲ್ಲ. ಲಿಂಗ ಕೊಡ್ಸೋದು ನಮ್ಮ ಕೆಲ್ಸ. ಅಲ್ಲಿ ತನಕ ಜೀವ ಹಿಡ್ಕಂಡಿರೋದು ನಿಮ್ಮ ಕೆಲ್ಸ. ಕೇಳಿಸ್ತಾ?"

ಆ ಕಡೆಯಿಂದ ಏನು ಉತ್ತರ ಬಂತೋ ಗೊತ್ತಿಲ್ಲ. ಅವರು ರಿಸೀವರನ್ನು ನನಗೆ ಕೊಟ್ಟು, "ಕೊಡಿಸ್ರಿ ಅಣ್ಣಾ" ಎಂದರು. ಅಲ್ಲಿ ತನಕ ನಾನು ಸಾಹೇಬನಾಗಿದ್ದೆ.

"ಪೂಜೇಲಿ ಏನೇನು ಮಾಡ್ತಾರೆ? ಬೇಗ ಹೇಳ್ರವ್ವಾ" ಎಂದೆ. ಯಾಕೆ ಕೇಳಿದೆನೋ ನನಗೇ ಗೊತ್ತಿಲ್ಲ, ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನಲ್ಲ, ಹಾಗೆ. ಗಿರಿಜಮ್ಮ ಹೇಳಿದರು. ಸ್ನಾನ ಮಾಡಬೇಕು. ಹಣೆಗೆ ವಿಭೂತಿ. ಲಿಂಗವನ್ನು ಎಡಗೈ ಅಂಗೈ ಮೇಲೆ ಇಟ್ಟುಕೊಂಡು ನೀರೆರೆಯಬೇಕು, ಕಣ್ಣು ನೆಟ್ಟು ನೋಡುತ್ತಾ ಕೂರಬೇಕು. ಕೊನೆಗೆ ಲಿಂಗಕ್ಕೆ ಎರೆದ ಆ ನೀರನ್ನೇ ತೀರ್ಥವೆಂದು ಕುಡಿಯಬೇಕು. ಆಮೇಲೆ ಊಟ.

"ಆ ನೀರು ಕುಡೀತಾರಾ?"

"ದಿನಾ ಕುಡೀತೀವಲ್ರೀ. ಸಣ್ಣೋರಿದ್ದಾಗಿಂದ ಕುಡ್ಯಾದು."

ನನಗೊಂದು ದಾರಿ ಹೊಳೆಯಿತು. ಅಧಿಕಾರಿಗೆ ಹೇಳಿದೆ: ಸ್ವಾಮಿ, ಕೊಯ್ಯುವ ಮೊದಲು ಒಂದು ಕೆಲಸ ಮಾಡಿ. ಆತನಿಗೆ ಸ್ನಾನಕ್ಕೆ ನೀರು ಕೊಡಿ. ಆ ವಸ್ತುವನ್ನು ಅವನ ಅಂಗೈ ಮೇಲೆ ಇಡಿ, ಒಂದು ಲೋಟ ನೀರು ಕೊಡಿ. ನೀವೂ ಡಾಕ್ಟರೂ ಎದುರಿಗೇ ಕೂತು ನೋಡಿ. ಅದನ್ನು ತೊಳೆದ ನೀರನ್ನು ಅವನೇ ಕುಡಿಯುತ್ತಾನೆ. ಆಮೇಲೆ ತಟ್ಟೆ ತುಂಬಾ ಊಟ ಕೊಡಿ, ತಿನ್ನುತ್ತಾನೆ. ಹೊಟ್ಟೆಯಲ್ಲಿ ಪೊಟ್ಟಣ ಇಟ್ಟುಕೊಂಡವನು ತಿನ್ನುತ್ತಾನೆಯೇ? ಅವನು ತಿನ್ನದಿದ್ದರೆ ಏನು ಬೇಕಾದರೂ ಕೊಯ್ಯಿರಿ, ನಾನು ಮಾತಾಡುವುದಿಲ್ಲ.

ಮೇಲಿನವರನ್ನು ಕೇಳಬೇಕು ಎಂದು ಅಧಿಕಾರಿ ಫೋನು ಇಟ್ಟ.

ಫೋನಿನ ಮುಂದೆಯೇ ಕೂತು ಕಾದೆವು. ಒಂದು ಯೋಚನೆ ನನ್ನನ್ನು ಕುಕ್ಕುತ್ತಲೇ ಇತ್ತು. ಇಷ್ಟು ಹೊತ್ತಿಗೆ ಕೊಯ್ದೇ ಬಿಟ್ಟಿದ್ದರೆ? ಒಡೆದ ಲಿಂಗವನ್ನು ಅಂಗೈ ಮೇಲೆ ಇಟ್ಟರೆ ಆ ಮನುಷ್ಯ ಬದುಕುತ್ತಾರೆಯೇ? ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಗಿರಿಜಮ್ಮನೂ ಅದನ್ನೇ ಯೋಚಿಸುತ್ತಿದ್ದಾರೆಂದು ಅವರ ಕೈ ನೋಡಿದರೆ ತಿಳಿಯುತ್ತಿತ್ತು, ಸೆರಗಿನೊಳಗೆ ತಮ್ಮ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಶೇಖರಪ್ಪ ತಮ್ಮ ಜೊತೆ ಬಂದವರನ್ನು ಗದರಿಸಿ ಕಳಿಸಿಬಿಟ್ಟರು. ನಡುವೆ ಯಾರೋ ಮುಂಬಯಿ ದರ ಕೇಳಲು ಫೋನು ಮಾಡಿದರೆ, ನನಗಿಂತ ಮೊದಲು ಅವರೇ ಎತ್ತಿ, "ಇಡ್ರೀ ಫೋನು, ಇಲ್ಲಿ ಜೀವ ಹೋಗಾಕ ಹತ್ತೇತಿ" ಎಂದು ಕುಕ್ಕಿದರು. ನನಗೆ ಒಬ್ಬ ಗಿರಾಕಿ ಹೋದ. ಹೋಗಲಿ.

ಬಿಸಿಲು ಇಳಿಯುವ ಹೊತ್ತಿಗೆ ಫೋನು ಹೊಡೆಯಿತು. ಅದೇ ದನಿ, ಆದರೆ ಮೆತ್ತಗಾಗಿತ್ತು. ಅವನು ತಪಾಸಣೆಯವರ ಮಾಮೂಲಿನಂತೆ ಒಂದೊಂದಾಗಿ ವರದಿ ಒಪ್ಪಿಸಿದ. ನಾನು ಒಂದೊಂದನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾ ಹೋದೆ. ಮುದ್ದೆಯನ್ನು ಕೊಯ್ದಿಲ್ಲ. ಎಕ್ಸ್‌ರೇ ಹಿಡಿದೆವು, ಒಳಗೆ ಸಣ್ಣ ಕಲ್ಲು ಕಂಡಿತು. ಸಿಬ್ಬಂದಿಯ ಬಚ್ಚಲಿನಲ್ಲಿ ಸ್ನಾನ ಮಾಡಿದ. ನೆಲದ ಮೇಲೆ ಕೂತ. ನೀವು ಹೇಳಿದ ಹಾಗೆಯೇ ಮಾಡಿದ, ನಾವು ಎದುರಿಗೇ ಕೂತು ನೋಡಿದೆವು. ನೀರು ಕುಡಿದ.

"ನೀರು ಕುಡುದ್ರಂತೆ" ಎಂದೆ. ಶೇಖರಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

ಆದರೆ ಊಟ ತಳ್ಳಿದ ಎಂದ ಅಧಿಕಾರಿ. ಏನು ಕೊಟ್ಟಿರಿ ಎಂದೆ. ಬ್ರೆಡ್ಡಿನೊಳಗೆ ಮೀನು ಇಟ್ಟು ಕೊಟ್ಟೆವು, ಇದೂ ಧರ್ಮವೇ ಎಂದು ಕೇಳಿದ. ಹೌದು ಸ್ವಾಮಿ, ಅದೂ ಅದೇ, ಮೀನು ತೆಗೆದು ಹಣ್ಣು ಹಾಲು ಕೊಡಿ ಎಂದೆ. ಅವನು ಲೈನಿನಲ್ಲಿ ಇದ್ದಂತೆಯೇ ಯಾರಿಗೋ ಕೂಗಿ ಹೇಳಿದ. ಸ್ವಲ್ಪ ಹೊತ್ತಿನ ಮೇಲೆ, ಬಾಳೆಹಣ್ಣು ತಿನ್ನುತ್ತಿದ್ದಾನೆ, ಎರಡನೆಯದು, ಎಂದು ಅವನೇ ಕಾಮೆಂಟರಿ ಹೇಳಿದ. ಡಾಕ್ಟರು ಒಂದು ದಿನ ನೋಡಿ, ಮುಂದಿನ ಹಡಗಿಗೆ ತಾವೇ ಹತ್ತಿಸುತ್ತೇವೆ ಎಂದು ಮಾತು ಕೊಟ್ಟ. ಹಾಗೆಯೇ ನಡೆದುಕೊಂಡ. ಕ್ಯಾಂಪಿನಿಂದ ಮುಟ್ಟಿದ ಫೋನೂ ಬಂತು.

ಬಾಳೆಹಣ್ಣಿನ ಸುದ್ದಿ ಕೇಳಿದ ಆ ಸಂಜೆಯೇ ಗಿರಿಜಮ್ಮ ಎದ್ದು ನಿಂತು, "ಬಾವಾ, ಮನೀಗೆ ಹೋಗಾನ. ಸ್ನಾನ ಮಾಡಿ ಪೂಜೆ ಮಾಡ್ಕಂಡು ನೀರು ಕುಡೀತೀನಿ" ಎಂದರು. ಶೇಖರಪ್ಪ ಸ್ಕೂಟರಿನ ಹಿಂದೆ ಅವರನ್ನು ಕೂರಿಸಿಕೊಂಡು ಹೋದರು. ಆಫೀಸು ಖಾಲಿಯಾಯಿತು. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೂ ಏನೂ ಬಿದ್ದಿಲ್ಲವೆಂದು ಆಗ ನೆನಪಾಯಿತು. ಲೋಟಕ್ಕೆ ನೀರು ಬಗ್ಗಿಸಿಕೊಂಡು ಕುಡಿದೆ. ಶಟರ್ ಅರ್ಧ ಎಳೆದುಕೊಂಡು, ನಲವತ್ತು ದಾಟಿದ ಗಂಡಸು, ಕೂತು ಅತ್ತೆ.

ಎಲ್ಲಿಗೆ ಕಳ್ಸೀರಿ ಎಂದು ಮೆಟ್ಟಿಲ ಮೇಲೆ ನಿಂತು ಕೇಳಿದ್ದಕ್ಕೆ ಶೇಖರಪ್ಪ ಕ್ಷಮೆ ಕೇಳಲಿಲ್ಲ, ನಾನೂ ಕಾಯಲಿಲ್ಲ. ಮುಂದೆ ಅಳಿಯನ ದುಬೈ ಟಿಕೆಟ್ಟಿಗೆ ನನ್ನ ಬಳಿಯೇ ಬಂದರು, ಯಾರ್ಡಿನಲ್ಲಿ ಮಾಡುವಂತೆಯೇ ಚೌಕಾಸಿ ಮಾಡಿದರು.

ಟಿಕೆಟ್ ಬರೆದು ಕೊಟ್ಟರೆ ನನ್ನ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ಒಬ್ಬ ಮನುಷ್ಯ ತನ್ನ ಮೈಮೇಲೆ ಏನು ಹೊತ್ತುಕೊಂಡು ಹೊರಡುತ್ತಾನೆ, ಏನು ಸಿಗದಿದ್ದರೆ ಸಾಯಲೂ ತಯಾರಾಗುತ್ತಾನೆ ಎಂದು ತಿಳಿಯದೆ ಅವನನ್ನು ಕಳಿಸಬಾರದೆಂದು ಆ ದಿನ ಕಲಿತೆ. ಅಲ್ಲಿಂದ ಮುಂದೆ ನನ್ನ ಬೆಂಚಿನ ಮೇಲೆ ಕೂತ ಪ್ರತಿಯೊಬ್ಬರನ್ನೂ, ಯಾವ ಜಾತಿಯವರಾಗಲಿ, ದರ ಹೇಳುವ ಮೊದಲು ಕೇಳುತ್ತಿದ್ದೆ: ಊಟಕ್ಕೆ ಮುಂಚೆ ನೀವು ಏನು ಮಾಡ್ತೀರಿ? ವಿಮಾನದ ಟಿಕೆಟ್ ಕೇಳಿದರೆ ಈ ಸಾಬ ಊಟದ ವಿಚಾರ ಕೇಳುತ್ತಾನೆ, ತಲೆ ಕೆಟ್ಟಿರಬೇಕು ಎಂದು ಜನ ಮತ್ತೆ ನಗಲು ಶುರು ಮಾಡಿದರು. ಉತ್ತರ ಸಿಗುವ ತನಕ ನಾನು ಪೆನ್ನಿನ ಟೋಪಿ ತೆಗೆಯುತ್ತಿರಲಿಲ್ಲ.